ಬಾಗಿಲ ಹೊರಗೆ ಹತ್ತು ನಿಮಿಷ

ನನ್ನ ಬಾಯಿ ಜೋರು. ಇದನ್ನು ಒಪ್ಪಿಕೊಳ್ಳುವುದರಲ್ಲಿ ದೊಡ್ಡತನವೇನಿಲ್ಲ, ಗೊತ್ತಿದ್ದವರಿಗೆಲ್ಲ ಗೊತ್ತಿರುವ ವಿಷಯ. ಗಂಡನ ನೌಕರಿಯ ಹಿಂದೆ ವಿಜಯವಾಡಕ್ಕೆ ಬಂದವಳು, ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ಕಲ್ಚರ್ ಟೇಬಲ್ಲಿನ ಮುಂದೆ ಕೂತಿದ್ದೇನೆ. ರೋಗಿಯ ಮೂತ್ರವನ್ನೋ ರಕ್ತವನ್ನೋ ಕೀವನ್ನೋ ಒಂದು ಪ್ಲೇಟಿನ ಮೇಲೆ ಬಳಿದು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಮಾರನೆಯ ದಿನ ಯಾವ ಕ್ರಿಮಿ ಬೆಳೆದಿದೆ ಎಂದು ನೋಡಿ ಹೇಳುವ ಕೆಲಸ. ಆಂಟಿಬಯಾಟಿಕ್ ಹೊಟ್ಟೆಗೆ ಬಿದ್ದ ಮೇಲೆ ಸ್ಯಾಂಪಲ್ ತೆಗೆದರೆ, ಒಳಗೆ ಕ್ರಿಮಿ ಇದ್ದರೂ ಎಷ್ಟೋ ಸಲ ಪ್ಲೇಟಿನ ಮೇಲೆ ಬೆಳೆಯುವುದಿಲ್ಲ. ಅದಕ್ಕೇ ವಾರ್ಡಿನ ಸಿಸ್ಟರುಗಳಿಗೆ ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ಕೂಗುತ್ತೇನೆ: "ಮುಂದು ಸ್ಯಾಂಪಲ್, ತರ್ವಾತ ಮಂದು!" ಮೊದಲು ಸ್ಯಾಂಪಲ್, ಆಮೇಲೆ ಔಷಧಿ. ಬೆನ್ನ ಹಿಂದೆ ಅವರು ನನಗೆ ಅದೇ ಹೆಸರಿಟ್ಟಿದ್ದಾರಂತೆ. ಇಟ್ಟುಕೊಳ್ಳಲಿ ಎಂದುಕೊಂಡಿದ್ದೆ.

ನನ್ನ ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ತಿಪಟೂರಿನಲ್ಲಿ ಅಮ್ಮ ಅಂಗಡಿಗೆ ಹೋದರೆ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಅವನ ಸುಳ್ಳು, ಅವನ ಹೊಟ್ಟೆನೋವು, ಅವನ ಪರೀಕ್ಷೆಯ ಅಂಕ, ಎಲ್ಲ ಮೊದಲು ನನಗೇ ಗೊತ್ತಾಗುತ್ತಿತ್ತು. ಹಾಗೆಂದು ನಾನು ನಂಬಿದ್ದೆ. ಬಿ.ಫಾರ್ಮ ಮುಗಿಸಿ ಅವನು ವಿಶಾಖಪಟ್ಟಣದ ಆಚೆ ಅಚ್ಯುತಾಪುರಂನ ಒಂದು ಔಷಧಿ ಕಾರ್ಖಾನೆಗೆ ಸೇರಿದ. ಗಾಜುವಾಕದಲ್ಲಿ ರೂಮು, ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು. ಮಾತ್ರೆ ಒತ್ತುವ ವಿಭಾಗದಲ್ಲಿ ಅವನ ಕೆಲಸ. ಒಳಗೆ ಹೋಗುವ ಮುಂಚೆ ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಟೋಪಿ, ಮಾಸ್ಕು, ಕಾಲಚೀಲದ ಮೇಲೆ ಇನ್ನೊಂದು ಚೀಲ. ಮೂತ್ರಕ್ಕೆ ಹೋಗಬೇಕೆಂದರೆ ಅಷ್ಟನ್ನೂ ಬಿಚ್ಚಿ, ಬಂದು ಮತ್ತೆ ಅಷ್ಟನ್ನೂ ತೊಡಬೇಕು. ಅದರ ಬದಲು ಬೆಳಗ್ಗೆಯಿಂದ ನೀರೇ ಕುಡಿಯದೆ ಪಾಳಿ ಮುಗಿಯುವ ತನಕ ಕಟ್ಟಿಕೊಂಡಿರುವುದು ಅಲ್ಲಿನವರ ರೂಢಿ. "ಎಂಟ್ ಗಂಟೆ ತಡ್ಕಳಾದು ಒಂದು ವಿದ್ಯೆ ಕಣಕ್ಕ" ಎಂದು ನಗುತ್ತಿದ್ದ. ನಾನೂ ನಕ್ಕಿದ್ದೆ.

ಅವನಿಗೆ ಇನ್ನೊಂದು ಚಟವಿತ್ತು. ಮೆಡಿಕಲ್ ಶಾಪಿಗೆ ಹೋದರೆ ತನ್ನ ಕಾರ್ಖಾನೆಯ ಮಾತ್ರೆಯನ್ನೇ ಕೇಳುವುದು, ಸ್ಟ್ರಿಪ್ಪಿನ ಹಿಂದಿನ ಬ್ಯಾಚ್ ನಂಬರ್ ನೋಡಿ ಅದು ತನ್ನ ಪಾಳಿಯಲ್ಲಿ ಒತ್ತಿದ್ದೋ ಅಲ್ಲವೋ ಎಂದು ಲೆಕ್ಕ ಹಾಕುವುದು. ಒಂದು ಸಲ ನನ್ನ ಮನೆಯಲ್ಲೇ ಒಂದು ಸ್ಟ್ರಿಪ್ ತೋರಿಸಿ, ನಮ್ಮ ತೋಟದ ಎಳನೀರು ತೋರಿಸುವವನ ಹಾಗೆ ಹಿಗ್ಗಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಿನಗೆ ಹಿತ್ತಲ ಗಿಡವೇ ಮದ್ದಾಯ್ತಲ್ಲೋ ಎಂದು ರೇಗಿಸಿದ್ದೆ. ಆ ಮಾತು ನನಗೆ ನೆನಪಾಗಬೇಕಾದ ದಿನ ನೆನಪಾಗಲಿಲ್ಲ.

ಅವನ ಮದುವೆ ಗೊತ್ತಾಗಿತ್ತು. ಅರಸೀಕೆರೆ ಕಡೆಯ ಹುಡುಗಿ, ಟೀಚರು. ಮದುವೆಗೆ ಇನ್ನು ಎರಡು ತಿಂಗಳಿರುವಾಗ, ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು.

"ಏನೂ ಇಲ್ಲ ಕಣಕ್ಕ, ನಿನ್ನೆಯಿಂದ ಸ್ವಲ್ಪ ಚಳಿಜ್ವರ. ಸೊಂಟದ ಕೆಳ್ಗೆ ಒಂಥರಾ ಭಾರ."

"ಡೆಂಗಿ ಟೆಸ್ಟ್ ಮಾಡಿಸ್ದ್ಯೇನೋ?"

"ಮಾಡಿಸ್ದೆ, ಇಲ್ಲ ಅಂದ್ರು." ದನಿ ತಗ್ಗಿಸಿ ಹೇಳಿದ: "ಒಂದಕ್ಕೆ ಹೋದ್ರೆ ಉರಿಯುತ್ತೆ."

ಆ ಒಂದು ವಾಕ್ಯ ಹೇಳಲು ಅವನಿಗೆ ಎಷ್ಟು ಕಷ್ಟವಾಗಿತ್ತೆಂದು ಈಗ ಗೊತ್ತು. ಆಗ ನಾನು ಟಿಫನ್ ಡಬ್ಬಿ ಮುಚ್ಚುತ್ತ, ಎಂದಿನ ಜೋರಿನಲ್ಲಿ, ತಮಾಷೆಯೆಂದೇ ಅಂದುಬಿಟ್ಟೆ: "ಮದ್ವೆ ಹತ್ರ ಬಂತು ಕಣೋ. ಎಲ್ಲೆಲ್ಲೋ ಹೋಗಿ ಏನೇನೋ ಅಂಟಿಸ್ಕೊಂಡು ಬರ್ಬೇಡ ಮತ್ತೆ!"

"ಥೂ, ಹೋಗಕ್ಕ" ಎಂದು ಫೋನ್ ಇಟ್ಟ. ನಕ್ಕ ಎಂದುಕೊಂಡೆ. ಪೂರ್ತಿ ತಮಾಷೆಯೂ ಆಗಿರಲಿಲ್ಲ ಅದು. ಮನಸ್ಸಿನ ಒಂದು ಮೂಲೆಯಲ್ಲಿ ಅನುಮಾನ ಇತ್ತು. ಒಂಟಿಯಾಗಿರುವ ಗಂಡಸು, ದೊಡ್ಡ ಊರು, ಹೇಗೆ ಹೇಳುವುದು ಎಂದು. ಇದನ್ನು ಇವತ್ತಿನವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ.

ಭಾನುವಾರ ಬೆಳಗಿನ ರೈಲು ಹತ್ತಿ ನನ್ನ ಹತ್ತಿರವೇ ಬಂದ. ಅಕ್ಕನ ಆಸ್ಪತ್ರೆ, ಅಕ್ಕನ ಲ್ಯಾಬು. ಸ್ಟೇಷನ್ನಿಗೆ ಕರೆಯಲು ಹೋಗಿದ್ದೆ. ಮುಖ ಬಿಳಿಚಿಕೊಂಡಿತ್ತು, ಕಾಲು ಅಗಲಿಸಿ ನಿಧಾನಕ್ಕೆ ಹೆಜ್ಜೆ ಇಡುತ್ತಿದ್ದ. ಆರು ಗಂಟೆಯೂ ನಿಂತೇ ಬಂದನಂತೆ.

"ಯಾಕೋ, ಸೀಟ್ ಇರ್ಲಿಲ್ವಾ?"

"ಇತ್ತು. ಕೂತ್ರೆ ಕಾಲು ಜೋಮು ಹಿಡಿಯುತ್ತೆ ಅಂತ ನಿಂತ್ಕಂಡೆ."

ಮನೆಯಲ್ಲೂ ಸೋಫಾದ ಅಂಚಿನಲ್ಲಿ ಒಂದು ಪಕ್ಕಕ್ಕೆ ವಾಲಿ ಕೂತ. ಬಾಣಂತಿ ಹಾಗೆ ಕೂತಿದ್ದೀಯಲ್ಲೋ ಎಂದು ಅದಕ್ಕೂ ರೇಗಿಸಿದೆ. ಹನ್ನೊಂದು ವರ್ಷ ಆಸ್ಪತ್ರೆಯ ಅನ್ನ ತಿಂದವಳಿಗೆ, ಕೂರಲಾಗದ ಗಂಡಸು, ಚಳಿಜ್ವರ, ಮೂತ್ರದ ಉರಿ, ಈ ಮೂರನ್ನು ಒಂದೆಡೆ ಇಟ್ಟು ನೋಡುವ ಬುದ್ಧಿ ಬರಲಿಲ್ಲ. ನನ್ನ ಕೆಲಸ ಪ್ಲೇಟಿನ ಮೇಲಿನದು. ಮನುಷ್ಯ ಹೇಗೆ ಕೂರುತ್ತಾನೆ ಎಂಬುದು ನನ್ನ ಟೇಬಲ್ಲಿಗೆ ಬರುವುದಿಲ್ಲ.

ಸೋಮವಾರ ಬೆಳಗ್ಗೆ ನಮ್ಮ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು, ನನ್ನನ್ನು "ಮೇಡಮ್" ಎನ್ನುವವರು. ನಾನೂ ತಮ್ಮನ ಜೊತೆ ಒಳಗೆ ಹೋದೆ, ಅವನ ಪಕ್ಕದ ಕುರ್ಚಿಯಲ್ಲೇ ಕೂತೆ. ಐದು ವರ್ಷದಿಂದ ವಿಶಾಖಪಟ್ಟಣದಲ್ಲಿರುವ ಅವನಿಗೆ ನನಗಿಂತ ಚೆನ್ನಾಗಿ ತೆಲುಗು ಬರುತ್ತದೆ. ಆದರೂ ಉತ್ತರ ಕೊಟ್ಟವಳು ನಾನು. ಜ್ವರ ಯಾವಾಗಿನಿಂದ, ನಾನು ಹೇಳಿದೆ. ವಾಂತಿ ಇದೆಯೇ, ನಾನು ಹೇಳಿದೆ. ಕೆಳಗೆಲ್ಲಾದರೂ ನೋವಿದೆಯೇ, ಮೂತ್ರದ ಧಾರೆ ಸಣ್ಣಗಾಗಿದೆಯೇ ಎಂದು ಡಾಕ್ಟರು ಕೇಳಿದಾಗ ಅವರ ಕಣ್ಣು ಒಮ್ಮೆ ನನ್ನ ಕಡೆ ಹೊರಳಿತು. ತಮ್ಮ ಬಾಯಿ ತೆರೆದ. "ಅಂಥದ್ದೇನಿಲ್ಲ ಸಾರ್, ಸ್ವಲ್ಪ ಉರಿ ಅಷ್ಟೇ" ಎಂದೆ. ಅವನು ಬಾಯಿ ಮುಚ್ಚಿಕೊಂಡ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಬೆನ್ನು ತಟ್ಟಿ ನೋಡಿದರು. ಅದಕ್ಕಿಂತ ಕೆಳಗೆ ಹೋಗಲಿಲ್ಲ. ನಾನು ಅಲ್ಲೇ ಕೂತಿದ್ದೆನಲ್ಲ.

"ಯಾವುದಾದರೂ ಆಂಟಿಬಯಾಟಿಕ್ ತಗೊಂಡಿದ್ದೀರಾ?"

"ಪ್ಯಾರಾಸಿಟಮಾಲ್ ಮಾತ್ರ" ಎಂದ ತಮ್ಮ, ಗೋಡೆಯ ಕ್ಯಾಲೆಂಡರ್ ನೋಡುತ್ತ.

ಅವನ ಮೂತ್ರದ ಸ್ಯಾಂಪಲ್ಲನ್ನು ಯಾರ ಕೈಗೂ ಕೊಡದೆ ನಾನೇ ಪ್ಲೇಟಿಗೆ ಬಳಿದೆ. ಮೈಕ್ರೋಸ್ಕೋಪಿನ ಕೆಳಗೆ ಒಂದು ಹನಿ ಇಟ್ಟು ನೋಡಿದರೆ ಕೀವಿನ ಕಣಗಳು ಎಣಿಸಲಾಗದಷ್ಟು. ಡಾಕ್ಟರಿಗೆ ಹೇಳಿದೆ. ಹಾಗಾದರೆ ಈಗಲೇ ಆಂಟಿಬಯಾಟಿಕ್ ಶುರು ಮಾಡೋಣ ಎಂದು ಅವರು ಪೆನ್ನು ತೆಗೆದರು. ಬೇಡ ಎಂದವಳು ನಾನು. "ಜ್ವರ ತೊಂಬತ್ತೊಂಬತ್ತಕ್ಕೆ ಇಳಿದಿದೆ ಸಾರ್. ನಾಳೆ ಬೆಳಗ್ಗೆ ಕಲ್ಚರ್ ಬರುತ್ತೆ. ಯಾವ ಕ್ರಿಮಿ ಅಂತ ನೋಡ್ಕೊಂಡೇ ಕೊಡಿ. ಕತ್ತಲಲ್ಲಿ ಕಲ್ಲು ಯಾಕೆ ಹೊಡೀಬೇಕು?" ಅವರು ಒಂದು ಗಳಿಗೆ ಯೋಚಿಸಿ ಪೆನ್ನು ಮುಚ್ಚಿದರು. ನನ್ನ ಜೊತೆ ವಾದ ಮಾಡುವವರು ಆ ಆಸ್ಪತ್ರೆಯಲ್ಲಿ ಕಡಿಮೆ.

ಮಂಗಳವಾರ ಬೆಳಗ್ಗೆ ಪೆಟ್ಟಿಗೆ ತೆರೆದು ಪ್ಲೇಟು ಬೆಳಕಿಗೆ ಹಿಡಿದೆ. ತೊಳೆದಿಟ್ಟ ತಟ್ಟೆಯಷ್ಟು ಸ್ವಚ್ಛ. ನೋ ಗ್ರೋತ್. ಕೀವು ಇದೆ, ಕ್ರಿಮಿ ಇಲ್ಲ ಎಂದರೆ ಏನರ್ಥ ಎಂದು ಟ್ರೈನಿಂಗಿಗೆ ಬರುವ ಹುಡುಗಿಯರಿಗೆ ನಾನೇ ಪಾಠ ಹೇಳುತ್ತೇನೆ. ಒಂದೋ ಅದು ನಮ್ಮ ಪ್ಲೇಟಿನಲ್ಲಿ ಬೆಳೆಯದ ಕ್ರಿಮಿ, ಇಲ್ಲವೇ ರೋಗಿ ಆಗಲೇ ಔಷಧಿ ನುಂಗಿದ್ದಾನೆ. ಮನೆಗೆ ಫೋನ್ ಮಾಡಿ ಕೇಳಿದೆ. "ನಿಜ ಹೇಳು, ಏನಾದ್ರೂ ಮಾತ್ರೆ ತಗೊಂಡಿದ್ಯಾ?"

"ಇಲ್ಲ ಕಣಕ್ಕ."

ನಂಬಿದೆ. ನಂಬಬೇಕೆಂದಿತ್ತು, ಅದಕ್ಕೇ ನಂಬಿದೆ. "ಏನೂ ಬೆಳೆದಿಲ್ಲ, ಬದುಕ್ಕೊಂಡೆ ಹೋಗು" ಎಂದೆ. ಮೂತ್ರದಲ್ಲೇ ಏನೂ ಇಲ್ಲವಲ್ಲ, ವೈರಲ್ ಜ್ವರವಿರಬೇಕು ಎಂದು ಡಾಕ್ಟರಿಗೂ ನಾನೇ ಹೇಳಿದೆ. ಸಂಜೆ ಒಂದು ಸಲ ಕರೆದುಕೊಂಡು ಬನ್ನಿ ಎಂದರು ಅವರು. ಆಯ್ತು ಎಂದು, ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ, ಮಂಗಳಗಿರಿಗೆ ಬಸ್ಸು ಹತ್ತಿದೆ. ಹುಡುಗಿಯ ಕಡೆಯ ಹೆಂಗಸರಿಗೆ ಐದು ಸೀರೆ ತರುವುದಿತ್ತು.

ನೇಕಾರರ ಅಂಗಡಿಯಲ್ಲಿ ಚಾಪೆಯ ಮೇಲೆ ಕೂತು ಗಿಳಿಹಸಿರೋ ಅರಿಶಿನವೋ ಎಂದು ಒಂದು ಗಂಟೆ ಕಳೆದೆ. ಅಂಚು ತಿರುವಿ ನೋಡಿದೆ, ಹಿಂಬದಿ ನೋಡಿದೆ, ಮಾರುವವನಿಗೆ ನಾಲ್ಕು ಮಾತೂ ಅಂದೆ. ಬ್ಯಾಗಿನೊಳಗೆ ಫೋನು ಎರಡು ಸಲ ಬಡಿದುಕೊಂಡಿತ್ತು. ಹೊರಗೆ ಬಂದು ನೋಡಿದರೆ ತಮ್ಮ. ಹಸಿವಾಗಿರಬೇಕು, ಅನ್ನ ಎಲ್ಲಿಟ್ಟಿದ್ದೀಯ ಎಂದು ಕೇಳಲು ಮಾಡಿರಬೇಕು ಎಂದುಕೊಂಡೆ. ತಿರುಗಿ ಮಾಡಲಿಲ್ಲ. ಬರುವಾಗ ನದಿಯ ಸೇತುವೆಯ ಮೇಲೆ ಲಾರಿಯೊಂದು ಕೆಟ್ಟು ನಿಂತು, ಮನೆ ಮುಟ್ಟುವಾಗ ಐದೂವರೆ.

ಬಾತ್‌ರೂಮಿನ ನಲ್ಲಿ ಸುರಿಯುವ ಸದ್ದು ಮೆಟ್ಟಿಲಿಗೇ ಕೇಳುತ್ತಿತ್ತು. ಬಕೆಟ್ಟು ತುಂಬಿ ನೀರು ಹಜಾರಕ್ಕೆ ಬಂದಿತ್ತು. ತಮ್ಮ ಬಾತ್‌ರೂಮಿನ ಹೊಸ್ತಿಲ ಬಳಿ ಮಂಡಿಯೂರಿ, ಹಣೆಯನ್ನು ಬಾಗಿಲಿಗೆ ಒತ್ತಿಕೊಂಡಿದ್ದ. ಹಲ್ಲು ಕಟಕಟ ಅನ್ನುತ್ತಿತ್ತು. ಉಗುರು ನೀಲಿ.

"ಬರ್ತಿಲ್ಲ ಕಣಕ್ಕ. ಬೆಳಗ್ಗಿಂದ ಒಂದು ಹನಿ ಬರ್ತಿಲ್ಲ. ನೀರಿನ ಸದ್ದು ಕೇಳಿದ್ರೆ ಬರುತ್ತೇನೋ ಅಂತ..."

ಸೀರೆಯ ಗಂಟು ಆ ನೀರಿನಲ್ಲೇ ಬಿತ್ತು. ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಪಕ್ಕದ ಮನೆಯವರ ಕಾರಿನಲ್ಲಿ ಹಿಂದಿನ ಸೀಟಿಗೆ ಅಡ್ಡ ಮಲಗಿಸಿ ಆಸ್ಪತ್ರೆಗೆ ತಂದೆವು.

ಮೂತ್ರರೋಗದ ಹಿರಿಯ ಡಾಕ್ಟರು ಸಂಜೆಯ ಹೊತ್ತು ಬರುತ್ತಾರೆ. ನಿವೃತ್ತಿಯ ಅಂಚಿನಲ್ಲಿರುವವರು, ಮಾತು ಕಡಿಮೆ. ತಮ್ಮನನ್ನು ಮಂಚದ ಮೇಲೆ ಮಲಗಿಸಿದ ಕೂಡಲೇ ನನ್ನ ಕಡೆ ತಿರುಗಿ, "ಅಮ್ಮಾ, ಮೀರು ಬಯಟ ಕೂರ್ಚೋಂಡಿ" ಎಂದರು. ನೀವು ಹೊರಗೆ ಕೂತುಕೊಳ್ಳಿ.

"ನಾನು ಇಲ್ಲಿಯದೇ ಸ್ಟಾಫು ಸಾರ್. ಅವನ ಅಕ್ಕ. ನನಗೆ ಎಲ್ಲಾ ಗೊತ್ತು."

ಅವರು ದನಿ ಏರಿಸಲಿಲ್ಲ. "ಅಂದುಕೇ ಬಯಟ" ಎಂದರು. ಅದಕ್ಕೇ ಹೊರಗೆ.

ಬಾಗಿಲು ಮುಚ್ಚಿತು. ನಾನು ಎಷ್ಟೋ ಸಲ ಹಾದು ಹೋಗಿದ್ದ ಆ ಬೆಂಚಿನ ಮೇಲೆ ಮೊದಲ ಸಲ ಕೂತೆ. ಎದುರಿಗೆ ಗಡಿಯಾರ. ಒಳಗಿನಿಂದ ತಮ್ಮನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ತೆಲುಗಿನಲ್ಲಿ, ತಡವರಿಸದೆ, ಒಂದೇ ಸಮನೆ ಹೇಳುತ್ತಿದ್ದ. ನನ್ನ ಹತ್ತಿರ ಮೂರು ದಿನದಲ್ಲಿ ಆಡದಷ್ಟು ಮಾತು. ಆಮೇಲೆ ಎಲ್ಲ ನಿಂತಿತು. ಆಮೇಲೆ ಒಂದೇ ಒಂದು ಸಲ ಕೂಗಿದ. ಚಿಕ್ಕವನಿದ್ದಾಗ ಬಾಗಿಲ ಸಂದಿಗೆ ಕೈ ಸಿಕ್ಕಿಸಿಕೊಂಡು ಕೂಗಿದ್ದನಲ್ಲ, ಅದೇ ಕೂಗು. ನಾನು ಎದ್ದು ನಿಂತೆ. ಬಾಗಿಲು ತಳ್ಳುವ ಧೈರ್ಯ ಬರಲಿಲ್ಲ.

ಹತ್ತು ನಿಮಿಷಕ್ಕೆ ಡಾಕ್ಟರು ಕೈ ಒರೆಸುತ್ತ ಹೊರಗೆ ಬಂದರು. ಪ್ರಾಸ್ಟೇಟಿನ ಸೋಂಕು ಎಂದರು. ಗಂಡಸರಿಗೆ ಮೂತ್ರಕೋಶದ ಕೆಳಗೆ ನೆಲ್ಲಿಕಾಯಿ ಗಾತ್ರದ ಗ್ರಂಥಿ ಇರುತ್ತದೆ, ಮೂತ್ರದ ದಾರಿ ಅದರ ನಡುವೆಯೇ ಹೋಗುತ್ತದೆ. ಅದು ಊದಿ ದಾರಿ ಮುಚ್ಚಿದೆ. ಹಿಂಭಾಗದಿಂದ ಬೆರಳು ಹಾಕಿ ನೋಡಿದರೆ ಬಿಸಿ, ಮೆತ್ತಗೆ, ಸೋಕಿದರೆ ಸಾಕು ಜೀವ ಹೋಗುವಷ್ಟು ನೋವು. ಇನ್ನೊಂದು ಸಲ ಮುಟ್ಟುವುದಿಲ್ಲ, ಒತ್ತಿದರೆ ಕ್ರಿಮಿ ರಕ್ತಕ್ಕೆ ನುಗ್ಗುತ್ತದೆ. ಬಹುಶಃ ಆಗಲೇ ನುಗ್ಗಿದೆ, ಬಿ.ಪಿ. ಇಳಿಯುತ್ತಿದೆ.

"ನಾಲ್ಕು ಪ್ರಶ್ನೆ, ಒಂದು ಬೆರಳು. ಇದಕ್ಕೆ ಬೇಕಾದದ್ದು ಅಷ್ಟೇ ಅಮ್ಮಾ" ಎಂದರು. "ನಿನ್ನೆ ನೋಡಿದವರು ಪರೀಕ್ಷೆ ಮಾಡಲಿಲ್ಲವೇ?"

"ನಾನು ಒಳಗೇ ಇದ್ದೆ ಸಾರ್."

ಅವರು ಕೇಸ್ ಶೀಟಿನ ಮೇಲೆ ಏನೋ ಬರೆದರು. ಆಮೇಲೆ ಹೇಳಿದರು: "ಶನಿವಾರ ಭಾನುವಾರ ಸೇರಿ ನಾಲ್ಕು ಆಂಟಿಬಯಾಟಿಕ್ ಮಾತ್ರೆ ನುಂಗಿದ್ದಾನೆ. ಜ್ವರ ಇಳಿದದ್ದು ಅದಕ್ಕೇ, ಕಲ್ಚರ್ ಖಾಲಿ ಬಂದದ್ದೂ ಅದಕ್ಕೇ. ನಿಮಗೆ ಹೇಳಬೇಡಿ ಎಂದು ಕೇಳಿಕೊಂಡ. ಆದರೆ ನೀವು ಲ್ಯಾಬಿನವರು, ತಿಳಿದಿರಬೇಕು."

ಅಡ್ಮಿಷನ್ನಿಗೆ ಆಧಾರ್ ಕಾರ್ಡ್ ಬೇಕೆಂದು ಅವನ ಬ್ಯಾಗು ತಡಕಿದಾಗ ಸ್ಟ್ರಿಪ್ಪು ಸಿಕ್ಕಿತು. ಕತ್ತರಿಯಲ್ಲಿ ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಯ ತುಂಡು, ನಾಲ್ಕೂ ಗುಳಿ ಖಾಲಿ. ಬ್ಯಾಚ್ ನಂಬರ್ ಇದ್ದ ಕಡೆಯ ತುಂಡನ್ನೇ ಕೇಳಿ ತೆಗೆದುಕೊಂಡಿದ್ದ. ಮೇಲೆ ಅವನ ಕಾರ್ಖಾನೆಯ ಹೆಸರು.

ಕೆಳಗಿನಿಂದ ನಳಿಗೆ ತೂರಿಸಿದರೆ ಗ್ರಂಥಿಗೆ ಇನ್ನಷ್ಟು ಪೆಟ್ಟು ಎಂದು ಕಿಬ್ಬೊಟ್ಟೆಗೆ ಸಣ್ಣ ತೂತು ಮಾಡಿ ಮೂತ್ರ ಹೊರಗೆ ತೆಗೆದರು. ಹೊಸ ಮೂತ್ರ, ರಕ್ತ, ಎರಡನ್ನೂ ಕಲ್ಚರಿಗೆ ಕಳಿಸಿ, ಆ ಗಳಿಗೆಯಲ್ಲೇ ರಕ್ತನಾಳಕ್ಕೆ ಆಂಟಿಬಯಾಟಿಕ್ ಹಾಕಿದರು. ಮೊದಲು ಸ್ಯಾಂಪಲ್, ಆಮೇಲೆ ಔಷಧಿ. ಎರಡಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ. ನಾನು ನಡುವೆ ಒಂದು ಹಗಲು ಒಂದು ರಾತ್ರಿ ಇಟ್ಟಿದ್ದೆ.

ಮಾರನೆಯ ದಿನ ಅವನು ಐಸಿಯುನಲ್ಲಿದ್ದ. ನಾನು ಲ್ಯಾಬಿಗೆ ಇಳಿದು ಪ್ಲೇಟು ತೆಗೆದೆ. ಈ ಸಲ ಅಂಚಿನಿಂದ ಅಂಚಿಗೆ ಗುಲಾಬಿ ಬಣ್ಣದ ಚುಕ್ಕೆಗಳು ಒತ್ತಾಗಿ ತುಂಬಿದ್ದವು. ನೋಡಿದ ಕೂಡಲೇ ಗುರುತು ಸಿಗುವ ಕ್ರಿಮಿ. ನಿಮ್ಮ ಕರುಳಿನಲ್ಲಿ, ನನ್ನ ಕರುಳಿನಲ್ಲಿ, ಎಲ್ಲರ ಕರುಳಿನಲ್ಲೂ ಇರುವಂಥದ್ದು. ಎಲ್ಲೆಲ್ಲೋ ಹೋಗಿ ಅಂಟಿಸಿಕೊಂಡು ಬರುವ ಕ್ರಿಮಿಯಲ್ಲ ಅದು. ಪ್ಲೇಟು ಹಿಡಿದುಕೊಂಡೇ ಅತ್ತೆ. ಟ್ರೈನಿಂಗಿನ ಹುಡುಗಿಯರು ದೂರ ಸರಿದು ನಿಂತರು. ಅವರು ನನ್ನ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

ನಾಲ್ಕು ದಿನವಾದರೂ ಜ್ವರ ಪೂರ್ತಿ ಬಿಡಲಿಲ್ಲ. ಸ್ಕ್ಯಾನ್ ಮಾಡಿದರೆ ಗ್ರಂಥಿಯೊಳಗೆ ಕೀವು ಗಂಟು ಕಟ್ಟಿತ್ತು. ಅದನ್ನೂ ತೆಗೆದರು. ಒಂದು ದಿನ ಮೊದಲೇ ಔಷಧಿ ಶುರುವಾಗಿದ್ದರೆ ಕೀವು ಕಟ್ಟುತ್ತಿರಲಿಲ್ಲವೇ ಎಂದು ಹಿರಿಯ ಡಾಕ್ಟರನ್ನು ಕೇಳಿದೆ. "ಹೇಳಲಾಗದು" ಎಂದರು. ಕರುಣೆಯಿಂದ ಹೇಳಿದರೋ ನಿಜವೋ ಗೊತ್ತಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅಮ್ಮ ನಮ್ಮನ್ನು ಬೈಯುತ್ತಿದ್ದಳು. ಈಗ ಬೈಯಲು ಅವಳಿಗೆ ವಿಷಯವೇ ಗೊತ್ತಿಲ್ಲ. ಟೈಫಾಯ್ಡ್ ಎಂದು ಹೇಳಿದ್ದೆವು.

ವಾರ್ಡಿಗೆ ತಂದ ಮೇಲೆ ಒಂದು ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದಾಗ ಅವನೇ ಎತ್ತಿದ. ಮುಖ ಕಿಟಕಿಯ ಕಡೆ ಇತ್ತು.

"ಫೋನಲ್ಲಿ ನೀನು ಹಂಗಂದ್ಯಲ್ಲಕ್ಕ. ನೀನೇ ಹಂಗನ್ಕಂಡ್ರೆ ಹುಡ್ಗಿ ಮನೆಯೋರು ಏನನ್ಕತಾರೆ ಅನ್ನಿಸ್ತು. ಮಾತ್ರೆ ತಿಂದೆ ಅಂದ್ರೆ ಯಾಕ್ ತಿಂದೆ ಅಂತೀಯ, ಹೆದ್ರಿ ತಿಂದೆ ಅಂದ್ರೆ ಯಾಕ್ ಹೆದರ್ದೆ ಅಂತೀಯ." ಹೊದಿಕೆಯ ಅಂಚು ಎಳೆದುಕೊಂಡು, "ನಾನು ಎಲ್ಲಿಗೂ ಹೋಗಿಲ್ಲ ಕಣಕ್ಕ" ಎಂದ.

"ಗೊತ್ತು ಕಣೋ" ಎಂದೆ. ಪ್ಲೇಟು ನೋಡಿದ ಮೇಲೆ ಗೊತ್ತಾಗಿದ್ದನ್ನು ಮೊದಲಿನಿಂದ ಗೊತ್ತಿದ್ದ ಹಾಗೆ ಹೇಳಿದೆ. ಅವನಿಗೂ ಅದು ತಿಳಿದಿರಬೇಕು, ಗಂಜಿ ಸಾಕು ಎಂದು ಲೋಟ ಸರಿಸಿದ.

ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದ. ಮದುವೆ ಮುಂದೆ ಹೋಯಿತು. ಆಮೇಲೆ ಹುಡುಗಿಯ ಕಡೆಯವರು ಜಾತಕವನ್ನು ಇನ್ನೊಬ್ಬರಿಗೆ ತೋರಿಸಿದೆವು, ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಯಾರು ಏನು ಹೇಳಿದರೋ, ಏನು ಕೇಳಿಸಿಕೊಂಡರೋ. ನೀರಿಗೆ ಬಿದ್ದ ಐದು ಸೀರೆಯಲ್ಲಿ ಅರಿಶಿನದ್ದು ಮಾತ್ರ ಬಣ್ಣ ಬಿಟ್ಟಿತ್ತು. ಐದೂ ನನ್ನ ಬೀರುವಿನಲ್ಲೇ ಇವೆ.

ಮೂರು ತಿಂಗಳಿಗೆ ಮತ್ತೆ ತೋರಿಸಲು ಬಂದ. ಹಿಂದಿನ ದಿನ ಕೊಟ್ಟ ಮೂತ್ರದ ಪ್ಲೇಟನ್ನು ಈ ಸಲ ನಾನು ಮುಟ್ಟಲಿಲ್ಲ, ಜೊತೆಯವಳಿಗೆ ನೋಡಲು ಹೇಳಿದೆ. ನೋ ಗ್ರೋತ್ ಎಂದು ಬರೆದು ಕೊಟ್ಟಳು. ಒಳ್ಳೆಯ ರಿಪೋರ್ಟು. ಅದನ್ನು ಅವನ ಕೈಗೆ ಕೊಟ್ಟು, ಯಾರೂ ಹೇಳುವ ಮೊದಲೇ ಹಿರಿಯ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಬಾಗಿಲು ಮುಚ್ಚಿತು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಒಳಗೆ ಇಬ್ಬರದೂ ತಗ್ಗಿದ ದನಿ.

ಹೊರಗೆ ಬಂದಾಗ ಅವನ ಮುಖದಲ್ಲಿ ಏನನ್ನೂ ಓದಲಾಗಲಿಲ್ಲ.

"ಏನಂದ್ರೋ?"

"ಏನೂ ಇಲ್ಲ ಕಣಕ್ಕ."

ಆ ಶನಿವಾರ ಫೋನಿನಲ್ಲಿ ಹೇಳಿದ್ದೂ ಇದೇ ಮಾತು. ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಊಟ ಮಾಡಿಕೊಂಡು ಹೋಗು ಎಂದೆ. ರೈಲಿಗೆ ಹೊತ್ತಾಯಿತು ಎಂದ.

ಸ್ಟೇಷನ್ನಿಗೆ ನಾನೂ ಹೋದೆ. ಕಿಟಕಿ ಪಕ್ಕದ ಸೀಟು ನಾನೇ ರಿಸರ್ವ್ ಮಾಡಿಸಿದ್ದು. ಅವನು ಹತ್ತಿ ಬ್ಯಾಗನ್ನು ಆ ಸೀಟಿನ ಮೇಲಿಟ್ಟ. ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಿಟಕಿಯೊಳಗೆ ಇಣುಕುತ್ತ, ಅವನು ಕೂರುತ್ತಾನೆಯೇ ಎಂದು ಕಾದೆ. ಬ್ಯಾಗು ಅಲ್ಲೇ ಬಿಟ್ಟು ಬಾಗಿಲಿಗೆ ಬಂದ. ರೈಲು ಹೊರಟಿತು. ಅವನು ಕೈ ಬೀಸಿದ, ನಾನೂ ಬೀಸಿದೆ. ಆಮೇಲೆ ಕೈ ಇಳಿಸಿದ, ಆದರೆ ಒಳಗೆ ಹೋಗಲಿಲ್ಲ. ರೈಲು ತಿರುವು ದಾಟಿ ಕಣ್ಣಿಗೆ ಮರೆಯಾಗುವವರೆಗೂ ಅವನು ನಿಂತೇ ಇದ್ದ.